ದಾನಿಯ ಕೈಲಿದ್ದ ಚೀಟಿ

ಆಸ್ಪತ್ರೆಗೆ ಹಣ ಕೊಟ್ಟವರನ್ನು ವಿಚಾರಿಸಿಕೊಳ್ಳಲೆಂದೇ ದೊಡ್ಡ ಧರ್ಮಾರ್ಥ ಆಸ್ಪತ್ರೆಗಳಲ್ಲಿ ಇವತ್ತು ಒಂದು ವಿಭಾಗ ಇರುತ್ತದೆ. ರಸೀದಿ ಕಳಿಸುವುದು, ಕೊಟ್ಟ ಹಣ ಯಾವ ವಾರ್ಡಿಗೆ ಸೇರಿತೆಂದು ತಿಳಿಸುವುದು, ವರ್ಷದ ಲೆಕ್ಕಪತ್ರ ಮುಟ್ಟಿಸುವುದು, ಹೊಸ ಕಟ್ಟಡದ ಉದ್ಘಾಟನೆಗೆ ಕರೆಯುವುದು, ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ಇದರ ಕೆಲಸ. ಕಂಪನಿಗಳು ಗಿರಾಕಿಯನ್ನು ಓಲೈಸುವ ರೀತಿಯೇ ಆಸ್ಪತ್ರೆಗೂ ಅಂಟಿಕೊಂಡಿದೆ, ಹಿಂದಿನವರು ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುತ್ತಿದ್ದರು ಎಂದು ಗೊಣಗುವವರು ಬಹಳ. ಈ ವಿದ್ಯೆ ಬೆಳೆದ ನೆಲವಾದ ಲಂಡನ್ನಿನ ಆಸ್ಪತ್ರೆಗಳ ದಾಖಲೆ ತೆರೆದರೆ ಕಾಣುವ ಚಿತ್ರವೇ ಬೇರೆ. ಅಲ್ಲಿ ಹಿಂದಿನ ದಾನಿಗೆ ವರದಿ ಬೇಕಿರಲಿಲ್ಲ, ಏಕೆಂದರೆ ಅವನ ಕೈಯಲ್ಲಿ ಅದಕ್ಕಿಂತ ದೊಡ್ಡದೊಂದಿತ್ತು: ಯಾವ ರೋಗಿ ಒಳಗೆ ಬರಬೇಕು ಎಂದು ಹೇಳುವ ಹಕ್ಕು. ಆ ಹಕ್ಕನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಸ್ವಲ್ಪಸ್ವಲ್ಪವಾಗಿ ಕಿತ್ತುಕೊಳ್ಳುತ್ತ, ಅದರ ಜಾಗದಲ್ಲಿ ಆಸ್ಪತ್ರೆಗಳು ದಾನಿಗೆ ಕೊಟ್ಟ ಪರಿಹಾರವೇ ಇವತ್ತಿನ ಲೆಕ್ಕ, ವರದಿ, ವಂದನೆಗಳು ಎಂಬುದು ಇಲ್ಲಿನ ವಾದ. ಅದೇನೂ ಸಣ್ಣ ವಿನಿಮಯವಲ್ಲ; ಅದರಿಂದ ಗೆದ್ದವನು ರೋಗಿ.

18ನೆಯ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನಲ್ಲಿ ಒಂದರ ಹಿಂದೊಂದು ಹೊಸ ಆಸ್ಪತ್ರೆಗಳು ಎದ್ದವು: ವೆಸ್ಟ್‌ಮಿನ್‌ಸ್ಟರ್, 1733ರಲ್ಲಿ ಸೇಂಟ್ ಜಾರ್ಜ್ಸ್, 1740ರಲ್ಲಿ ಲಂಡನ್ ಆಸ್ಪತ್ರೆ, 1745ರಲ್ಲಿ ಮಿಡ್ಲ್‌ಸೆಕ್ಸ್. ಇವುಗಳಿಗೆ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆಗಿದ್ದಂತೆ ಹಳೆಯ ದತ್ತಿ ಭೂಮಿ ಇರಲಿಲ್ಲ. ಗೈಸ್ ಆಸ್ಪತ್ರೆಗೆ ಪುಸ್ತಕ ವ್ಯಾಪಾರಿ ಥಾಮಸ್ ಗೈ ಬಿಟ್ಟುಹೋದಂಥ ಒಬ್ಬನೇ ಶ್ರೀಮಂತನ ಆಸ್ತಿಯೂ ಇರಲಿಲ್ಲ. ವರ್ಷವರ್ಷವೂ ಗಿನಿ ಲೆಕ್ಕದಲ್ಲಿ ವಂತಿಗೆ ಕೊಡುವ ಚಂದಾದಾರರೇ ಅವುಗಳ ಬಂಡವಾಳ. ಒಂದು ಗಿನಿ ಎಂದರೆ 21 ಶಿಲ್ಲಿಂಗ್, ಕೂಲಿಯವನಿಗೆ ಎರಡು ಮೂರು ವಾರದ ದುಡಿಮೆ. ಇಷ್ಟು ಗಿನಿ ಕೊಟ್ಟವನು ವರ್ಷದ ಮಟ್ಟಿಗೆ ಆಡಳಿತ ಸದಸ್ಯ, ಒಂದೇ ಸಲಕ್ಕೆ ದೊಡ್ಡ ಗಂಟು ಕೊಟ್ಟವನು ಆಜೀವ ಸದಸ್ಯ. ಸದಸ್ಯನಿಗೆ ವೈದ್ಯರ ಆಯ್ಕೆಯಲ್ಲಿ ಮತ. ಹುದ್ದೆ ಬೇಕಾದ ವೈದ್ಯ ಚುನಾವಣೆಗೆ ನಿಂತವನ ಹಾಗೆ ಚಂದಾದಾರರ ಮನೆ ಬಾಗಿಲು ತಟ್ಟುತ್ತಿದ್ದ. ಇದೆಲ್ಲಕ್ಕಿಂತ ಮುಖ್ಯವಾಗಿ ಕೊಟ್ಟ ಹಣಕ್ಕೆ ತಕ್ಕಷ್ಟು ಶಿಫಾರಸು ಚೀಟಿಗಳು ಅವನ ಕೈಸೇರುತ್ತಿದ್ದವು. ವಾರದಲ್ಲಿ ಗೊತ್ತಾದ ಒಂದು ದಿನ ರೋಗಿಗಳನ್ನು ಸೇರಿಸಿಕೊಳ್ಳುವಾಗ, ಆ ಚೀಟಿ ತಂದವರನ್ನು ಮೊದಲು ನೋಡುತ್ತಿದ್ದರು. ಬಿದ್ದು ಕೈಕಾಲು ಮುರಿದವರು, ಗಾಡಿಗೆ ಸಿಕ್ಕವರು ಚೀಟಿಯಿಲ್ಲದೆಯೂ ಬರಬಹುದಿತ್ತು. ಉಳಿದವರು ಮೊದಲು ಹುಡುಕಬೇಕಾದ್ದು ವೈದ್ಯನನ್ನಲ್ಲ, ಚಂದಾದಾರನನ್ನು.

ಚೀಟಿಯ ಕತೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಗುಣವಾಗಿ ಹೊರಡುವ ರೋಗಿ ತನ್ನನ್ನು ಶಿಫಾರಸು ಮಾಡಿದವರಿಗೆ ಹೋಗಿ ವಂದನೆ ಹೇಳಬೇಕು, ತನ್ನ ಚರ್ಚಿನಲ್ಲಿ ದೇವರಿಗೂ ಎಲ್ಲರೆದುರು ಕೃತಜ್ಞತೆ ಸಲ್ಲಿಸಬೇಕು ಎಂದು ಅನೇಕ ಆಸ್ಪತ್ರೆಗಳ ನಿಯಮಾವಳಿಯಲ್ಲೇ ಬರೆದಿತ್ತು. ತಪ್ಪಿದರೆ ಮತ್ತೊಮ್ಮೆ ಸೇರಿಸಿಕೊಳ್ಳದೆ ಇರಬಹುದಿತ್ತು. ಎಂದರೆ ದಾನಿಗೆ ವಂದನೆ ಹೇಳುವ ಕೆಲಸ ಅಂದೂ ಇತ್ತು, ಆದರೆ ಅದನ್ನು ಮಾಡುತ್ತಿದ್ದವನು ಆಸ್ಪತ್ರೆಯ ಗುಮಾಸ್ತನಲ್ಲ, ಆಗತಾನೇ ಹಾಸಿಗೆ ಬಿಟ್ಟೆದ್ದ ಬಡವ. ಇಂದಿನ ವಂದನಾ ಪತ್ರಗಳ ಸವಿಮಾತು ಕೆಲವರಿಗೆ ಹಿಡಿಸದಿರಬಹುದು; ಆ ಹೊರೆ ರೋಗಿಯ ಹೆಗಲಿನಿಂದ ಇಳಿದು ಕಚೇರಿಯ ಮೇಜಿಗೆ ಬಂದದ್ದನ್ನು ನಾನಂತೂ ಪ್ರಗತಿಯೆಂದೇ ಎಣಿಸುತ್ತೇನೆ. ಯಾರನ್ನು ಸೇರಿಸಬಾರದು ಎಂಬ ಪಟ್ಟಿಯೂ ಇದೇ ಲೆಕ್ಕಾಚಾರದ್ದು. ವಾಸಿಯಾಗದ ಕಾಯಿಲೆಯವರು, ಅಂಟುರೋಗದವರು, ಬಸುರಿಯರು, ಎಳೆಯ ಮಕ್ಕಳು ಬಹುತೇಕ ಕಡೆ ಹೊರಗೇ. ವೈದ್ಯಕೀಯ ಕಾರಣಗಳೂ ಇದ್ದವು, ಸುಳ್ಳಲ್ಲ. ಆದರೆ ವರ್ಷದ ಕೊನೆಗೆ ಚಂದಾದಾರರ ಮುಂದಿಡುವ ಪಟ್ಟಿಯಲ್ಲಿ ‘ಗುಣವಾದವರು’ ಎಂಬ ಅಂಕಣ ತುಂಬಿರಬೇಕಿತ್ತು. ಬಹುಕಾಲ ಮಲಗಿ ಕೊನೆಗೆ ಸಾಯುವವನು ಆ ಅಂಕಣಕ್ಕೆ ಬರುವವನಲ್ಲ.

ಈ ಪದ್ಧತಿಯನ್ನು ಸಮರ್ಥಿಸುವವರು ಅಂದೂ ಇದ್ದರು, ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಹಾಸಿಗೆಗಳು ಕಡಿಮೆ, ಕಾಯಿಲೆಯವರು ಲೆಕ್ಕವಿಲ್ಲದಷ್ಟು, ಯಾರಾದರೊಬ್ಬರು ಆರಿಸಲೇಬೇಕು. ಊರಿನ ಬಡವರ ಪರಿಚಯವಿರುವ, ನಿಜವಾದ ದಾರಿದ್ರ್ಯ ಯಾವುದು ನಟನೆ ಯಾವುದು ಎಂದು ಬಲ್ಲ ಗೃಹಸ್ಥರು ಆರಿಸಿದರೆ ತಪ್ಪೇನು? ಸಣ್ಣ ಊರಿನಲ್ಲಿ ಈ ವಾದಕ್ಕೆ ಒಂದಿಷ್ಟು ತೂಕ ಇದ್ದೀತು. ಲಂಡನ್ನಿನಂಥ ಕಡೆ ಅದು ನಿಲ್ಲುವುದಿಲ್ಲ. ಪರಿಚಯ ಯಾರಿಗಿತ್ತು? ಮನೆಯಾಳುಗಳಿಗಿತ್ತು, ಕಾರ್ಖಾನೆಯ ಕೆಲಸಗಾರರಿಗಿತ್ತು. ಅನೇಕ ಯಜಮಾನರು ಚಂದಾ ಕಟ್ಟುತ್ತಿದ್ದುದರಲ್ಲಿ ತಮ್ಮ ಆಳುಗಳಿಗೆ ಚಿಕಿತ್ಸೆ ಸಿಗಲಿ ಎಂಬ ಲೆಕ್ಕವೂ ಇತ್ತು. ನಿನ್ನೆ ಮೊನ್ನೆ ಊರಿಂದ ಬಂದ, ಕೆಲಸ ಕಳೆದುಕೊಂಡ, ಯಾರ ಮನೆಯ ಹಿಂಬಾಗಿಲನ್ನೂ ಕಾಣದ ಮನುಷ್ಯನಿಗೆ ಚೀಟಿ ಬರೆಯುವವರು ಯಾರು? ನಮ್ಮಲ್ಲಿ ವಶೀಲಿ ಎನ್ನುವುದನ್ನೇ ಅಲ್ಲಿ ನಿಯಮವಾಗಿ ಅಚ್ಚುಹಾಕಿಸಿ ಇಟ್ಟಿದ್ದರು. ಹೆಚ್ಚು ಅಸಹಾಯಕನಾದಷ್ಟೂ ಚೀಟಿ ಸಿಗುವ ಸಂಭವ ಕಡಿಮೆಯಾಗುವ ದಾನಪದ್ಧತಿ ಅದು.

ಇದರ ಬಿರುಕು ಎಲ್ಲರ ಕಣ್ಣಿಗೆ ಬಿದ್ದದ್ದು 1820ರ ದಶಕದ ಕೊನೆಗೆ. ವಿಲಿಯಂ ಮಾರ್ಸ್‌ಡನ್ ಎಂಬ ಯುವ ಶಸ್ತ್ರವೈದ್ಯನಿಗೆ ಹೋಬರ್ನಿನ ಸೇಂಟ್ ಆಂಡ್ರ್ಯೂ ಚರ್ಚಿನ ಅಂಗಳದ ಮೆಟ್ಟಿಲ ಮೇಲೆ ರೋಗದಿಂದಲೂ ಹಸಿವಿನಿಂದಲೂ ಸಾಯುತ್ತ ಬಿದ್ದಿದ್ದ ಹುಡುಗಿಯೊಬ್ಬಳು ಕಂಡಳು. ಚೀಟಿಯಿಲ್ಲದ ಕಾರಣ ಯಾವ ಆಸ್ಪತ್ರೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ ಎಂದು ಅವನು ಕಟ್ಟಿದ ಆಸ್ಪತ್ರೆಯ ಇತಿಹಾಸ ಹೇಳುತ್ತದೆ. 1828ರಲ್ಲಿ ಹ್ಯಾಟನ್ ಗಾರ್ಡನ್ ಬಳಿಯ ಗ್ರೆವಿಲ್ ಬೀದಿಯ ಸಣ್ಣ ಮನೆಯೊಂದರಲ್ಲಿ ಅವನು ಚಿಕಿತ್ಸಾಲಯ ತೆರೆದ. ಅಲ್ಲಿಗೆ ಬರಲು ಹಣವೂ ಬೇಡ, ಚೀಟಿಯೂ ಬೇಡ. ಬಡತನ ಮತ್ತು ಕಾಯಿಲೆಯೇ ಸಾಕಾದ ಶಿಫಾರಸು. 1832ರ ಕಾಲರಾ ಹಾವಳಿಯಲ್ಲಿ ಅದು ಬಾಗಿಲು ಮುಚ್ಚದೆ ನಿಂತಿತು. 1837ರಲ್ಲಿ ವಿಕ್ಟೋರಿಯಾ ರಾಣಿಯ ಅನುಗ್ರಹ ಸಿಕ್ಕಿ ‘ರಾಯಲ್ ಫ್ರೀ’ ಎನಿಸಿಕೊಂಡಿತು. 1851ರಲ್ಲಿ ಮಾರ್ಸ್‌ಡನ್ ಕ್ಯಾನ್ಸರಿಗೆಂದೇ ಇನ್ನೊಂದು ಉಚಿತ ಆಸ್ಪತ್ರೆ ಕಟ್ಟಿದ. ವಾಸಿಯಾಗದವರನ್ನು ಹೊರಗಿಡುವ ಹಳೆಯ ಪಟ್ಟಿಗೆ ಅದು ನೇರ ಉತ್ತರವಾಗಿತ್ತು. ಆದರೆ ಚೀಟಿ ಕೊಡದ ಆಸ್ಪತ್ರೆ ದಾನಿಗೆ ಏನು ಕೊಡಬೇಕು? ಪ್ರಶ್ನೆ ಹುಟ್ಟಿದ್ದು ಇಲ್ಲಿ. ರಾಯಲ್ ಫ್ರೀ ಆರಂಭದ ವರ್ಷಗಳಲ್ಲಿ ಹಣಕ್ಕಾಗಿ ಪಟ್ಟ ಪಾಡನ್ನು ನೋಡಿದರೆ, ಬರಿಯ ಕರುಣೆಯ ಮೇಲೆ ವರ್ಷವರ್ಷವೂ ಅಡುಗೆಮನೆ ನಡೆಯುವುದಿಲ್ಲ ಎಂಬುದು ಸ್ಪಷ್ಟ.

ಉತ್ತರ ಕಂಡುಕೊಂಡವು ಮಕ್ಕಳ ಆಸ್ಪತ್ರೆಗಳು ಎನ್ನಬಹುದು. 1852ರಲ್ಲಿ ಹತ್ತು ಹಾಸಿಗೆಗಳೊಂದಿಗೆ ಗ್ರೇಟ್ ಆರ್ಮಂಡ್ ಬೀದಿಯ ಆಸ್ಪತ್ರೆ ತೆರೆಯಿತು. 1858ರಲ್ಲಿ ಅದಕ್ಕಾಗಿ ನಡೆದ ಔತಣದಲ್ಲಿ ಚಾರ್ಲ್ಸ್ ಡಿಕನ್ಸ್ ಮಾತಾಡಿ ಕೂತಾಗ ಮೂರು ಸಾವಿರ ಪೌಂಡಿಗೂ ಹೆಚ್ಚು ಕೂಡಿತ್ತು. ಆದರೆ ಔತಣಕ್ಕಿಂತ ನನಗೆ ಕುತೂಹಲಕರವಾದದ್ದು 1868ರ ಒಂದು ತೊಟ್ಟಿಲುಮಂಚ. ‘ಆಂಟ್ ಜೂಡೀಸ್ ಮ್ಯಾಗಜೀನ್’ ಎಂಬ ಮಕ್ಕಳ ಪತ್ರಿಕೆಯ ಓದುಗರು ಚಿಲ್ಲರೆ ಕೂಡಿಸಿ ಆಸ್ಪತ್ರೆಯಲ್ಲಿ ಒಂದು ಮಂಚವನ್ನು ಶಾಶ್ವತ ದತ್ತಿಯಾಗಿ ನಿಲ್ಲಿಸಿದರು. ಪತ್ರಿಕೆ ಹಣ ಕಳಿಸಿದವರ ಪಟ್ಟಿ ಅಚ್ಚುಹಾಕುತ್ತಿತ್ತು, ಆ ಮಂಚದಲ್ಲಿ ಮಲಗಿದ ಮಕ್ಕಳ ಸಮಾಚಾರವನ್ನೂ ಬರೆಯುತ್ತಿತ್ತು. ದಾನಿಗೆ ಹೆಸರು ಸಿಕ್ಕಿತು, ಸುದ್ದಿ ಸಿಕ್ಕಿತು, ಆದರೆ ಯಾವ ಮಗು ಮಲಗಬೇಕೆಂದು ಹೇಳುವ ಅಧಿಕಾರ ಪತ್ರಿಕೆಯ ಪುಟಾಣಿ ಓದುಗರ ಕೈಯಲ್ಲಿ ಇರಲಿಲ್ಲ. ಇಂದಿನ ಕಚೇರಿಗಳು ಮಾಡುವ ಅರ್ಧಕ್ಕರ್ಧ ಕೆಲಸದ ಮಾದರಿ ಆ ಪುಟಗಳಲ್ಲೇ ಇದೆ.

ಇನ್ನೂ ಬಲವಾದ ಸಾಕ್ಷಿ ಲಂಡನ್ ಆಸ್ಪತ್ರೆಯದು. 1886ರಲ್ಲಿ ಜೋಸೆಫ್ ಮೆರಿಕ್ ಅಲ್ಲಿಗೆ ಬಂದ; ಮೈಯೆಲ್ಲ ವಿಕಾರವಾಗಿ ಬೆಳೆದು, ಜಾತ್ರೆಗಳಲ್ಲಿ ‘ಆನೆ ಮನುಷ್ಯ’ನಾಗಿ ಪ್ರದರ್ಶನಕ್ಕೆ ನಿಂತು ಬದುಕಿದವನು. ವಾಸಿಯಾಗದವರನ್ನು ಇಟ್ಟುಕೊಳ್ಳುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧ. ಅಂಥವರಿಗೆಂದೇ ಇದ್ದ ಸಂಸ್ಥೆಗಳೂ ಅವನನ್ನು ಒಲ್ಲೆ ಎಂದವು. ಅಧ್ಯಕ್ಷ ಫ್ರಾನ್ಸಿಸ್ ಕಾರ್ ಗಾಮ್ ಆ ಡಿಸೆಂಬರಿನಲ್ಲಿ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು ಸಾರ್ವಜನಿಕರನ್ನು ಏನು ಮಾಡಲೆಂದು ಕೇಳಿದರು. ಮೆರಿಕ್ ಬದುಕಿರುವಷ್ಟು ಕಾಲಕ್ಕೂ ಸಾಲುವಷ್ಟು ಹಣ ಬಂತು. ಎಲ್ಲರಿಗೂ ಗೊತ್ತಿರುವ ಭಾಗ ಇಷ್ಟು. 1890ರ ಏಪ್ರಿಲಿನಲ್ಲಿ ಮೆರಿಕ್ ತೀರಿಕೊಂಡ ಕೆಲವೇ ದಿನಕ್ಕೆ ಕಾರ್ ಗಾಮ್ ಅದೇ ಪತ್ರಿಕೆಗೆ ಇನ್ನೊಂದು ಪತ್ರ ಬರೆದರು: ಅವನು ಹೇಗೆ ಬಾಳಿದ, ಹೇಗೆ ಸತ್ತ, ಹಣ ಹೇಗೆ ನೆರವಾಯಿತು, ಉಳಿದ ಸ್ವಲ್ಪವನ್ನು ಆಸ್ಪತ್ರೆಯ ಸಾಮಾನ್ಯ ನಿಧಿಗೆ ಸೇರಿಸಬೇಕೆಂದಿದ್ದೇನೆ, ಕೊಟ್ಟವರಿಗೂ ಇದು ಒಪ್ಪಿಗೆಯಾದೀತು ಎಂದು. ದಾನಿಗಳಿಗೆ ಕೊಡುವ ವರದಿ ಹೇಗಿರಬೇಕೆಂದು ಕೇಳಿದವರಿಗೆ ನಾನು ತೋರಿಸುವುದು ಈ ಎರಡನೆಯ ಪತ್ರವನ್ನು. ಉಳಿಕೆ ಹಣವನ್ನು ಸುಮ್ಮನೆ ಖಾತೆಗೆ ಸೇರಿಸಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಗಮನಿಸಬೇಕಾದ್ದು ಇನ್ನೊಂದಿದೆ: ಕೊಟ್ಟವರಿಗೆ ಪ್ರತಿಯಾಗಿ ಒಂದು ಚೀಟಿಯೂ ಸಿಗಲಿಲ್ಲ. ಅವರು ಕೊಟ್ಟದ್ದು ಚೀಟಿ ಪದ್ಧತಿ ಎಂದೂ ಒಳಗೆ ಬಿಡದಿದ್ದ ಮನುಷ್ಯನಿಗಾಗಿ.

ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯ ಎಂಬ ತಿಳಿವಳಿಕೆ ಕನ್ನಡದವರಿಗೆ ಹೊಸದೇನಲ್ಲ. ನಮ್ಮ ದಾನಶಾಸನಗಳ ಕೊನೆಯಲ್ಲಿ ಆ ಮಾತು ಮತ್ತೆಮತ್ತೆ ಬರುತ್ತದೆ, ಅಳುಪಿದವನಿಗೆ ಶಾಪವೂ ಜೊತೆಗಿರುತ್ತದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದು 12ನೆಯ ಶತಮಾನದ ಶಾಸನ ಹೊಗಳುತ್ತದೆ. ಅಲ್ಲಿ ಕಾವಲಿಗೆ ಇದ್ದದ್ದು ಧರ್ಮದ ಭಯ. ವಿಕ್ಟೋರಿಯಾ ಕಾಲದ ಲಂಡನ್ ಆ ಜಾಗಕ್ಕೆ ಲೆಕ್ಕಿಗನನ್ನು ತಂದು ಕೂರಿಸಿತು. ಆಸ್ಪತ್ರೆ ಸುಧಾರಕ ಹೆನ್ರಿ ಬರ್ಡೆಟ್ ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಬರೆಯಬೇಕೆಂದು ಹಟ ಹಿಡಿದ. ಒಂದು ಹಾಸಿಗೆಗೆ ಇಲ್ಲಿ ಇಷ್ಟು, ಅಲ್ಲಿ ಅಷ್ಟು ಖರ್ಚಾದದ್ದೇಕೆ ಎಂದು ಅದುವರೆಗೆ ಹೋಲಿಸಿ ಕೇಳುವ ದಾರಿಯೇ ಇರಲಿಲ್ಲ. 1897ರಲ್ಲಿ ವೇಲ್ಸ್ ರಾಜಕುಮಾರನ ಹೆಸರಿನಲ್ಲಿ ಹುಟ್ಟಿ ಮುಂದೆ ಕಿಂಗ್ಸ್ ಫಂಡ್ ಎನಿಸಿದ ನಿಧಿ, ತನ್ನವರನ್ನು ಕಳಿಸಿ ಆಸ್ಪತ್ರೆಯನ್ನು ನೋಡಿಸಿ, ಲೆಕ್ಕ ತರಿಸಿ, ಆಮೇಲೆ ಹಣ ಕೊಡುತ್ತಿತ್ತು. ಬಿಡಿಬಿಡಿ ಚಂದಾದಾರನ ಒಲವಿನ ಜಾಗಕ್ಕೆ ಹೀಗೆ ಎಲ್ಲರಿಗೂ ಒಂದೇ ಆದ ಪ್ರಶ್ನಾವಳಿ ಬಂತು.

ಚೀಟಿ ಹೋದರೂ ಆರಿಸುವುದು ಹೋಯಿತೇ ಎಂದು ಕೇಳಬಹುದು. ಹೋಗಲಿಲ್ಲ. 1895ರಲ್ಲಿ ಇದೇ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೀವರ್ಟ್ ಅವರನ್ನು ಆಲ್ಮನರ್ ಎಂಬ ಹುದ್ದೆಗೆ ನೇಮಿಸಿತು. ಬಂದವರು ನಿಜಕ್ಕೂ ಬಡವರೇ ಎಂದು ವಿಚಾರಿಸುವುದು ಅವರ ಕೆಲಸಗಳಲ್ಲೊಂದು. ಬಾಗಿಲಲ್ಲಿ ಪ್ರಶ್ನೆ ಕೇಳುವವರು ಮತ್ತೆ ಬಂದರು, ನಿಜ. ಆದರೆ ಈಗ ಕೇಳುತ್ತಿದ್ದವರು ಆಸ್ಪತ್ರೆಯ ನೌಕರರು, ಪ್ರಶ್ನೆ ಎಲ್ಲರಿಗೂ ಒಂದೇ. ಹಣ ಕೊಟ್ಟವನ ಮನೆಗೆ ಯಾರೂ ಅಲೆಯಬೇಕಾಗಿರಲಿಲ್ಲ. ಇದು ಆದರ್ಶವಲ್ಲ, ಸುಧಾರಣೆ.

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ದಾನಿಯ ಅಧ್ಯಾಯವೇ ಮುಗಿಯಿತೆಂದು ಅನೇಕರು ಎಣಿಸಿದರು. ಆಸ್ಪತ್ರೆಗಳು ಖಾಸಗಿ ಧರ್ಮವನ್ನು ನಂಬಿ ನಡೆಯುವುದು ನಾಗರಿಕ ಸಮಾಜಕ್ಕೆ ಹೇಸಿಗೆ ಎಂಬುದು ಮಂತ್ರಿ ಅನ್ಯೂರಿನ್ ಬೆವನ್ನರ ನಿಲುವು. ಚಿಕಿತ್ಸೆಯ ಮಟ್ಟಿಗೆ ಅವರ ಮಾತು ಸರಿಯೆಂದೇ ನನ್ನ ಅನಿಸಿಕೆ. ಆದರೂ ದಾನ ನಿಲ್ಲಲಿಲ್ಲ. 1929ರಲ್ಲಿ ಜೆ. ಎಂ. ಬ್ಯಾರಿ ಗ್ರೇಟ್ ಆರ್ಮಂಡ್ ಬೀದಿಗೆ ಕೊಟ್ಟ ‘ಪೀಟರ್ ಪ್ಯಾನ್’ ಹಕ್ಕುಗಳ ಗೌರವಧನ ಬರುತ್ತಲೇ ಇತ್ತು. ಅವಧಿ ಮುಗಿದಾಗ 1988ರ ಕಾಯ್ದೆಯೇ ಆ ಆದಾಯವನ್ನು ಬ್ರಿಟನ್ನಿನಲ್ಲಿ ಮುಂದುವರಿಸಿತು. ಸರಕಾರಿ ಸೇವೆಯ ಆಸ್ಪತ್ರೆಗಳು ತಾವೇ ಹಣ ಎತ್ತಲು 1980ರ ಕಾಯ್ದೆ ಅವಕಾಶ ಕೊಟ್ಟಿತು, 1987ರಲ್ಲಿ ಆರಂಭವಾದ ಗ್ರೇಟ್ ಆರ್ಮಂಡ್ ಬೀದಿಯ ‘ವಿಷಿಂಗ್ ವೆಲ್’ ಮನವಿ ಐದು ಕೋಟಿ ನಲವತ್ತು ಲಕ್ಷ ಪೌಂಡ್ ಕೂಡಿಸಿತು.

ಉಳಿದಿರುವ ಆಕ್ಷೇಪಣೆಯೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಕೋಟಿ ಕೊಟ್ಟವನ ಹೆಸರು ಕಟ್ಟಡಕ್ಕೆ ಬರುತ್ತದೆ, ಯಾವ ಯಂತ್ರ ಕೊಳ್ಳಬೇಕೆಂಬುದರಲ್ಲಿ ಅವನ ಇಷ್ಟ ನಡೆಯುತ್ತದೆ, ಬಟ್ಟೆ ಒಗೆಯುವ ಕೋಣೆಗೆ ಯಾರೂ ಹೆಸರಿಡಿಸಿಕೊಳ್ಳುವುದಿಲ್ಲ. ಅಧಿಕಾರ ಹೋಗಿಲ್ಲ, ವೇಷ ಬದಲಿಸಿದೆ ಎನ್ನುತ್ತಾರೆ. ಬಹುಪಾಲು ಒಪ್ಪುತ್ತೇನೆ. ಆದರೆ 2018ರ ಜನವರಿಯಲ್ಲಿ ನಡೆದದ್ದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಲಂಡನ್ನಿನಲ್ಲಿ ಗಂಡಸರಿಗಷ್ಟೇ ಏರ್ಪಡಿಸಿದ್ದ ‘ಪ್ರೆಸಿಡೆಂಟ್ಸ್ ಕ್ಲಬ್’ ಎಂಬ ದತ್ತಿ ಔತಣದಲ್ಲಿ ಬಡಿಸುವ ಹೆಣ್ಣುಮಕ್ಕಳೊಂದಿಗೆ ಅತಿಥಿಗಳು ಅಸಭ್ಯವಾಗಿ ನಡೆದುಕೊಂಡರೆಂದು ಪತ್ರಿಕೆಯೊಂದು ಬಯಲು ಮಾಡಿತು. ಆ ಕೂಟದಿಂದ ಹಿಂದೆ ಬಂದಿದ್ದ 5,30,000 ಪೌಂಡನ್ನು ವಾಪಸು ಕೊಡುತ್ತೇವೆಂದು ಗ್ರೇಟ್ ಆರ್ಮಂಡ್ ಬೀದಿಯ ದತ್ತಿ ಸಂಸ್ಥೆ ಪ್ರಕಟಿಸಿತು. ಮಕ್ಕಳ ಚಿಕಿತ್ಸೆಯ ದುಡ್ಡನ್ನು ಮಾನಕ್ಕಾಗಿ ಬಿಡುವುದೇ ಎಂದು ಆಗ ಕೆಲವರು ಕೇಳಿದರು. ಅದು ಬೇರೆಯೇ ಚರ್ಚೆ. 1740ರ ಲಂಡನ್ ಆಸ್ಪತ್ರೆಗೆ ಇಂಥ ತೀರ್ಮಾನ ತೆಗೆದುಕೊಳ್ಳುವುದು ಸಾಧ್ಯವೇ ಇರಲಿಲ್ಲ. ಅಲ್ಲಿ ಹಣ ಕೊಟ್ಟವರೇ ಮಂಡಳಿಯಲ್ಲಿ ಕೂತಿದ್ದರು, ವೈದ್ಯರನ್ನು ಆರಿಸಿದವರೂ ಅವರೇ, ರೋಗಿಗೆ ಚೀಟಿ ಬರೆದವರೂ ಅವರೇ. ಬೇಡವೆಂದು ಹಿಂದಿರುಗಿಸಲು ಅವರ ಹೊರಗೆ ಇನ್ನೊಬ್ಬರು ಇರಲಿಲ್ಲ.