ಅಳುವ ಕೂಸು, ಅಜ್ಜಿಯ ಮದ್ದು



ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ ಎಂದು ಬಾಯಿಪಾಠ ಮಾಡಿದವರು ನೀವು. ಆದರೆ ತೊಟ್ಟಿಲಿಗೂ ಒಂದು ಇತಿಹಾಸವಿದೆ. ಸಂಜೆಯಾದೊಡನೆ ಮುಷ್ಟಿ ಬಿಗಿದು, ಕಾಲು ಮಡಚಿ, ಗಂಟೆಗಟ್ಟಲೆ ಅಳುವ ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಅಡ್ಡಾಡಿದವರಿಗೆ ಅದು ತಿಳಿದಿರಬೇಕು.

ಈ ಅಳು ಇಂದಿನದಲ್ಲ. ಪ್ರಾಚೀನ ಆಯುರ್ವೇದ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ‘ವೇದನಾಧ್ಯಾಯ’ವೆಂಬ ಭಾಗವಿದೆ. ಮಾತು ಬಾರದ ಶಿಶುವಿನ ನೋವನ್ನು ಅದರ ಚರ್ಯೆಯಿಂದಲೇ ಅರಿಯುವುದು ಹೇಗೆಂಬುದು ಅಲ್ಲಿನ ವಿಷಯ. ಹೊಟ್ಟೆಶೂಲೆಯ ಕೂಸು ಮೊಲೆಯನ್ನು ತೊರೆದು ಅಳುತ್ತದೆ, ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ ಎಂದು ಅದು ಗುರುತಿಸುತ್ತದೆ.

ನಮ್ಮ ಮುಧೋಳದ ಮನೆಯಲ್ಲಿ ವೈದ್ಯಶಾಲೆಯೆಂದರೆ ಒಂದು ಸಾಣೆಕಲ್ಲು. ನನ್ನ ತಾಯಿ ಅದರ ಮೇಲೆ ಸುಟ್ಟ ಬಜೆ ಮತ್ತು ಜಾಜಿಕಾಯಿಗಳನ್ನು ಎರಡೆರಡು ಸುತ್ತು ತೇಯ್ದು ಕೂಸಿನ ನಾಲಗೆಗೆ ಸವರುತ್ತಿದ್ದಳು. ಹೊಕ್ಕುಳದ ಸುತ್ತ ಇಂಗಿನ ನೀರು ಹಚ್ಚುತ್ತಿದ್ದಳು. ಬಾಣಂತಿಯ ಊಟಕ್ಕೆ ಸಬ್ಬಸಿಗೆ ಪಲ್ಯ, ತಾಂಬೂಲಕ್ಕೆ ಅಜವಾನ.

ಅದೇ ಸಬ್ಬಸಿಗೆ ಬೀಜದ ಎಣ್ಣೆ ಸಮುದ್ರದಾಚೆ ಸೀಸೆಯೊಳಗೆ ಸೇರಿತು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ಎಂಬ ಔಷಧಿಕಾರ ಗ್ರೈಪ್ ವಾಟರ್ ಸಿದ್ಧಪಡಿಸಿದ. ಜೌಗು ನೆಲದ ಜ್ವರಕ್ಕೆ ಮಕ್ಕಳಿಗೆ ಕೊಡುತ್ತಿದ್ದ ಮದ್ದೇ ಅವನಿಗೆ ಪ್ರೇರಣೆ. ಸಬ್ಬಸಿಗೆ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ, ನೀರು. ಜೊತೆಗೆ ಸುಮಾರು 3.6 ಪ್ರತಿಶತ ಮದ್ಯಸಾರ! ಕೂಸು ತೂಕಡಿಸಿದರೆ ಆಶ್ಚರ್ಯವೇನು? ಬ್ರಿಟನ್ನಿನಲ್ಲಿ ಆ ಮದ್ಯಸಾರವನ್ನು ಕೈಬಿಟ್ಟದ್ದು 1990ರ ದಶಕದಲ್ಲಿ.

ಇದಕ್ಕಿಂತ ಕರಾಳವಾದ ಅಧ್ಯಾಯವೊಂದಿದೆ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸಿಗೆ ‘ಬಾಳಾಗೋಳಿ’ ಎಂಬ ಅಫೀಮಿನ ಗುಳಿಗೆ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. 1931ರಲ್ಲಿ ವರದಿ ಸಲ್ಲಿಸಿದ ರಾಯಲ್ ಕಾರ್ಮಿಕ ಆಯೋಗವೂ ಶಿಶುಗಳಿಗೆ ಅಫೀಮು ಕೊಡುವ ಈ ಪದ್ಧತಿಯನ್ನು ಗಮನಿಸಿತ್ತು. ಆ ತಾಯಂದಿರನ್ನು ನಾನು ನಿಂದಿಸಲಾರೆ. ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೊತೆ ಕೈ ಇಲ್ಲದಾಗ, ಆ ಕೈಗಳ ಕೆಲಸವನ್ನು ಅಫೀಮು ಮಾಡಿತು. ಅಮೇರಿಕೆಯಲ್ಲಿಯೂ 1849ರಿಂದ ‘ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್’ ಎಂಬ ಹೆಸರಿನಲ್ಲಿ ಮಾರ್ಫಿನ್ ಬೆರೆತ ಪಾನಕ ಮಾರಾಟವಾಗಿ, ಶಿಶುಗಳ ಪ್ರಾಣಕ್ಕೇ ಎರವಾಯಿತು. ಕೂಸು ಸುಮ್ಮನಾಯಿತೆಂದರೆ ಗುಣವಾಯಿತೆಂದು ಅರ್ಥವಲ್ಲ.

ಹಾಗಾದರೆ ಇಷ್ಟೊಂದು ಮದ್ದುಗಳಿಗೆ ಕೀರ್ತಿ ಬಂದದ್ದು ಹೇಗೆ? 1954ರಲ್ಲಿ ಮಾರಿಸ್ ವೆಸೆಲ್ ಎಂಬ ಅಮೇರಿಕೆಯ ವೈದ್ಯರು ಇಂಥ ಅಳುವಿಗೆ ಲಕ್ಷಣ ಹೇಳಿದರು: ಆರೋಗ್ಯವಂತ ಕೂಸು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕೂ ಮೀರಿ ಅಳುವುದು. ಈ ಅಳು ಆರನೆಯ ವಾರದ ಸುಮಾರಿಗೆ ಏರಿ, ಮೂರು-ನಾಲ್ಕು ತಿಂಗಳಿಗೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೆ ಹೆಸರು ಬಂತು!

ಅಜ್ಜಿಯರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಅವರು ಮದ್ದಿನ ಜೊತೆಗೆ ಮಡಿಲನ್ನೂ ಕೊಟ್ಟರು. ಹೆಗಲಿಗೆ ಹಾಕಿ ಬೆನ್ನು ಸವರಿದರು, ತೊಟ್ಟಿಲು ತೂಗಿ ಜೋಗುಳ ಹಾಡಿದರು. ದಣಿದ ಬಾಣಂತಿಗೆ ಎರಡು ತಾಸು ನಿದ್ರೆ ದೊರಕಿಸಿದರು. ಉಳಿಸಿಕೊಳ್ಳಬೇಕಾದದ್ದು ಇದನ್ನೇ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಬಜೆ, ಗುಟ್ಟಿಗಳನ್ನು ಕೂಸಿನ ಬಾಯಿಗೆ ಹಾಕದಿರಿ. ವರ್ಷ ತುಂಬುವ ಮೊದಲು ಜೇನುತುಪ್ಪ ಬೇಡವೇ ಬೇಡ. ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಕುಡಿಯದಿರುವಿಕೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ. ಸಹನೆ ಮೀರಿದಾಗ ಕೂಸನ್ನು ಎಂದಿಗೂ ಅಲುಗಾಡಿಸಬೇಡಿರಿ; ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಇನ್ನೊಬ್ಬರನ್ನು ಕರೆಯಿರಿ.

ಇಂದು ಬೆಂಗಳೂರು, ಪುಣೆಗಳಲ್ಲಿ ಇಬ್ಬರೇ ಇರುವ ಮನೆಗಳು ನಿಮ್ಮವು. ಸಾಣೆಕಲ್ಲು ಊರಲ್ಲೇ ಇರಲಿ. ಆದರೆ ಅಜ್ಜಿಯನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಳ್ಳಿರಿ. ಬರಲಾಗದಿದ್ದರೆ ತಂದೆಯಾದವನು ಸರದಿಯ ಮೇಲೆ ಕೂಸನ್ನು ಹೊರಲಿ. ನಿಮ್ಮ ಮಕ್ಕಳಿಗೆ ನನ್ನ ಆಶೀರ್ವಾದಗಳು.