ಅಶ್ವಲಕ್ಷಣ ಮತ್ತು ನ್ಯಾಯದ ಭಾರ

ಮೂರನೆಯ ತೀರ್ಥಂಕರರಾದ ಭಗವಾನ್ ಸಂಭವನಾಥರ ಲಾಂಛನ ಕುದುರೆ. ಬಸದಿಯಲ್ಲಿ ಸಾಲಾಗಿ ವಿರಾಜಿಸುವ ಜಿನಬಿಂಬಗಳ ನಡುವೆ ಸಂಭವನಾಥರನ್ನು ಗುರುತಿಸಬೇಕಾದರೆ ಭಕ್ತನ ಕಣ್ಣು ಪೀಠದ ಮೇಲಿರುವ ಆ ಪುಟ್ಟ ಕುದುರೆಯನ್ನು ಹುಡುಕುತ್ತದೆ. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಅಶ್ವವೂ ಒಂದೆಂದು ಪುರಾಣಗಳು ಹೇಳುತ್ತವೆ. ಹೀಗೆ ಜೈನ ಪರಂಪರೆಯಲ್ಲಿ ಕುದುರೆಗೆ ಗೌರವದ ಸ್ಥಾನವಿದೆ. ಆದರೆ ಆ ಪರಂಪರೆ ಕುದುರೆಯನ್ನು ಕೇವಲ ಲಾಂಛನವಾಗಿ ಕಂಡು ಸುಮ್ಮನಾಗಲಿಲ್ಲ. ಅದರ ಅಂಗಾಂಗಗಳನ್ನೂ ಗುಣದೋಷಗಳನ್ನೂ ರೋಗಗಳನ್ನೂ ಕುರಿತು ಚಿಂತಿಸಿತು. ಈ ಸಂಗತಿ ಇಂದು ಬಹುಮಟ್ಟಿಗೆ ಮರೆತುಹೋಗಿದೆ.

ಕ್ರಿ.ಶ. 959ರಲ್ಲಿ ಯಶಸ್ತಿಲಕ ಚಂಪುವನ್ನು ಪೂರ್ಣಗೊಳಿಸಿದ ಆಚಾರ್ಯ ಸೋಮದೇವಸೂರಿಗಳು ತಮ್ಮ ನೀತಿವಾಕ್ಯಾಮೃತದಲ್ಲಿ ಅಶ್ವಬಲವನ್ನು ಸೈನ್ಯದ ನಡೆದಾಡುವ ಕೋಟೆಯೆಂದು ವರ್ಣಿಸಿ, ಜಾತಿಯ ಕುದುರೆಗಳು ಹುಟ್ಟುವ ಒಂಬತ್ತು ಸ್ಥಾನಗಳನ್ನು ಹೆಸರಿಸಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಆಚಾರ್ಯ ಹೇಮಚಂದ್ರರು ಅಭಿಧಾನಚಿಂತಾಮಣಿ ಕೋಶದಲ್ಲಿ ಕುದುರೆಯ ಬಣ್ಣಗಳಿಗೆ ಕೋಕಾಹ, ಸೇರಾಹ, ಕಿಯಾಹ, ವೋಲ್ಲಾಹ ಮುಂತಾದ ಹಲವು ಹೆಸರುಗಳನ್ನು ಸಂಗ್ರಹಿಸಿದರು. ಇವು ಸಂಸ್ಕೃತ ಮೂಲದ ಪದಗಳಂತೆ ಕಾಣುವುದಿಲ್ಲ. ಪಶ್ಚಿಮದ ದೇಶಗಳಿಂದ ಕುದುರೆಯೊಡನೆ ಅದರ ಹೆಸರೂ ಹಡಗಿನಿಂದ ಇಳಿದು ಬಂದಿತೆಂಬುದಕ್ಕೆ ಇವು ಸಾಕ್ಷಿ. ಕನ್ನಡನಾಡಿನಲ್ಲಿ ಚಾಳುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವನ್ನು ರಚಿಸಿದರೆ, ಸುಮಾರು 1400ರಲ್ಲಿದ್ದನೆಂದು ಹೇಳಲಾಗುವ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. ಇಬ್ಬರೂ ಜೈನರು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ರಣರಂಗದ ವಾಹನವಾದ ಕುದುರೆಯ ಲಕ್ಷಣಗಳನ್ನು ಇಷ್ಟು ಆಸಕ್ತಿಯಿಂದ ವಿಚಾರಿಸಿದ್ದು ಕೆಲವರಿಗೆ ವಿರೋಧಾಭಾಸವೆನಿಸಬಹುದು. ಆದರೆ ಲಕ್ಷಣಶಾಸ್ತ್ರವನ್ನು ಅಣುವ್ರತಗಳೊಡನೆ ಇಟ್ಟು ಓದಿದಾಗ ಬೇರೊಂದು ಅರ್ಥ ಹೊಳೆಯುತ್ತದೆ.

ಮೊದಲು ಶಾಸ್ತ್ರದ ಅಳತೆಗಳನ್ನು ನೋಡಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳಿಗಾಗಿಯೇ ಒಂದು ಅಧ್ಯಾಯವಿದೆ. ಲಾಯಕ್ಕೆ ಬಂದ ಕುದುರೆ ಖರೀದಿಯದೋ, ಯುದ್ಧದಲ್ಲಿ ದೊರೆತದ್ದೋ, ಅಲ್ಲಿಯೇ ಹುಟ್ಟಿದ್ದೋ ಎಂಬುದನ್ನೂ, ಅದರ ಕುಲ, ವಯಸ್ಸು, ಬಣ್ಣ, ಗುರುತುಗಳನ್ನೂ ಅಂಗಡಿಯ ದಾಸ್ತಾನು ಪುಸ್ತಕದಂತೆ ಬರೆದಿಡಬೇಕು. ಉತ್ತಮಾಶ್ವದ ಮುಖ 32 ಅಂಗುಲ. ಉದ್ದ ಐದು ಮುಖಗಳಷ್ಟು, ಎಂದರೆ 160 ಅಂಗುಲ. ಜಂಘೆ 20 ಅಂಗುಲ. ಎತ್ತರ ನಾಲ್ಕು ಜಂಘೆಗಳಷ್ಟು, ಎಂದರೆ 80 ಅಂಗುಲ. ಸುತ್ತಳತೆ 100 ಅಂಗುಲ. ಅಂಗುಲವನ್ನು ಮುಕ್ಕಾಲು ಇಂಚೆಂದು ಲೆಕ್ಕ ಹಾಕಿದರೆ ಎತ್ತರ ಐದು ಅಡಿಯಾಗುತ್ತದೆ. ಇಲ್ಲಿ ಗಮನಿಸಬೇಕಾದುದು ಅಂಕಿಗಳಿಗಿಂತ ಅವುಗಳ ಹಿಂದಿನ ವಿವೇಕ. ಕುದುರೆಯ ಒಂದು ಅಂಗವನ್ನು ಅದರದೇ ಮತ್ತೊಂದು ಅಂಗದಿಂದ ಅಳೆಯಲಾಗಿದೆ. ಬಿಡಿ ಅಂಗದ ಚೆಲುವಿಗಿಂತ ಅಂಗಗಳ ಪರಸ್ಪರ ಹೊಂದಾಣಿಕೆಗೆ ಇಲ್ಲಿ ಬೆಲೆ.

ಅಶ್ವಪರೀಕ್ಷಕರು ಇಂದಿಗೂ ಇದೇ ದಾರಿಯಲ್ಲಿ ನಡೆಯುತ್ತಾರೆ. ನಿಂತ ಕುದುರೆ ತನ್ನ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲನ್ನು ಮುಂಗಾಲುಗಳ ಮೇಲೆ ಹೊತ್ತಿರುತ್ತದೆ. ಆದುದರಿಂದ ಮುಂಗಾಲಿನ ಪರೀಕ್ಷೆ ಮುಖ್ಯವಾದುದು. ಎದುರಿನಿಂದ ನೋಡಿದಾಗ ಹೆಗಲಿನ ತುದಿಯಿಂದ ತೂಗುಗುಂಡು ಬಿಟ್ಟರೆ ದಾರವು ಮೊಣಕಾಲನ್ನೂ ಗೊರಸನ್ನೂ ಸರಿಯಾಗಿ ಎರಡು ಪಾಲು ಮಾಡಬೇಕು. ದಾರ ಒಂದು ಬದಿಗೆ ಸರಿದರೆ ತೂಕವೂ ಒಂದು ಬದಿಗೆ ಬೀಳುತ್ತದೆ. ಕೀಲಿನ ಆ ಬದಿ ಬೇಗ ಸವೆಯುತ್ತದೆ. ಪಕ್ಕದಿಂದ ನೋಡಿದಾಗ ಮೊಣಕಾಲು ಹಿಂದಕ್ಕೆ ಬಾಗಿದ್ದರೆ ಅದು ದೊಡ್ಡ ದೋಷ. ಓಟದಲ್ಲಿ ಕೀಲಿಗೂ ನರಗಳಿಗೂ ಪೆಟ್ಟಾಗುತ್ತದೆ. ಗೊರಸಿಗೂ ಅದರ ಮೇಲಿನ ಗಿಣ್ಣಿಗೂ ನಡುವಣ ಭಾಗ ಮಿತವಾಗಿ ಓರೆಯಾಗಿರಬೇಕು. ಅದು ನೆಟ್ಟಗಿದ್ದರೆ ಪ್ರತಿ ಹೆಜ್ಜೆಯ ಕುಲುಕು ಮೇಲಿನ ಮೂಳೆಗೆ ಏರುತ್ತದೆ. ಅತಿಯಾಗಿ ಇಳಿಬಿದ್ದರೆ ಹಿಂದಿನ ನರಗಳು ಜಗ್ಗುತ್ತವೆ. ಬೆನ್ನು ಬಹಳ ಉದ್ದವಾದರೆ ಹೊರೆ ಹೊರುವ ಶಕ್ತಿ ಕುಗ್ಗುತ್ತದೆ. ಹೆಗಲಿನ ಮೂಳೆ ಓರೆಯಾಗಿದ್ದರೆ ಹೆಜ್ಜೆ ನೀಳವಾಗಿ, ಸವಾರನಿಗೂ ಕುದುರೆಗೂ ಹಿತವಾಗಿರುತ್ತದೆ. ಅಂಗಾಲು ಚಪ್ಪಟೆಯಾದ ಕುದುರೆ ಕಲ್ಲು ದಾರಿಯಲ್ಲಿ ಬೇಗ ಕುಂಟುತ್ತದೆ.

ಈ ಎಲ್ಲ ದೋಷಗಳಲ್ಲಿಯೂ ಒಂದು ಸಾಮಾನ್ಯ ಗುಣವಿದೆ. ಅವು ಮೊದಲು ಕುದುರೆಯನ್ನು ನೋಯಿಸುತ್ತವೆ. ಕೊಂಡವನ ನಷ್ಟ ಅನಂತರದ್ದು.

ಹಳೆಯ ಶಾಸ್ತ್ರಗಳು ಎಣಿಸುವ ಮತ್ತೊಂದು ಬಗೆಯ ದೋಷವಿದೆ. ಅದು ಸುಳಿಯ ದೋಷ. ವರಾಹಮಿಹಿರನ ಬೃಹತ್ಸಂಹಿತೆಯೂ ಮೈಮೇಲಿನ ಸುಳಿಗಳನ್ನು ಶುಭವೆಂದೂ ಅಶುಭವೆಂದೂ ವಿಂಗಡಿಸುತ್ತದೆ. ಬಾಲ, ಎದೆ, ಗೊರಸು, ಕೇಸರ, ಮುಖ ಬೆಳ್ಳಗಿರುವ ಕುದುರೆಗೆ ಅಷ್ಟಮಂಗಲವೆಂದು ಹೆಸರು. ಹೇಮಚಂದ್ರರ ಕೋಶದಲ್ಲಿಯೂ ಈ ಮಾತಿದೆ. ಕೋಶಕಾರರು ಲೋಕದಲ್ಲಿ ಬಳಕೆಯಲ್ಲಿದ್ದುದನ್ನು ದಾಖಲಿಸುವುದು ಸಹಜ. ಆದರೆ ಹಣೆಯ ಸುಳಿ ಎಡಕ್ಕೆ ತಿರುಗಿದರೆ ಹೆಜ್ಜೆ ತಪ್ಪುವುದಿಲ್ಲ; ಹೊಟ್ಟೆಯ ಕೆಳಗಿನ ಸುಳಿಯಿಂದ ಗೊರಸು ಸವೆಯುವುದಿಲ್ಲ. ಇಂಥ ದೋಷ ಇರುವುದು ನೋಡುವವನ ಮನಸ್ಸಿನಲ್ಲಿ. ಆದರೂ ಅದರ ಫಲವನ್ನು ಉಣ್ಣಬೇಕಾದುದು ಕುದುರೆಯೇ. ಕೆಟ್ಟ ಸುಳಿಯದೆಂದು ಹೆಸರಾದ ಪ್ರಾಣಿಗೆ ಒಳ್ಳೆಯ ಮನೆ ಸಿಗುವುದಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನಕ್ಕೆ ಅಡ್ಡಿಯಾಗುವ ಮೂರು ಮೂಢತೆಗಳಲ್ಲಿ ಲೋಕಮೂಢತೆಯನ್ನೂ ಸೇರಿಸಿದ್ದಾರೆ. ಸುಳಿಯನ್ನು ನೋಡಿ ಒಂದು ಜೀವದ ಹಣೆಬರಹವನ್ನು ನಿರ್ಣಯಿಸುವುದು ಆ ಮೂಢತೆಗೆ ದೂರದ್ದಲ್ಲ. ಮೈಯ ದೋಷವನ್ನೂ ಮನಸ್ಸಿನ ದೋಷವನ್ನೂ ಬೇರ್ಪಡಿಸಿ ನೋಡುವುದೇ ಇಲ್ಲಿ ಸಮ್ಯಗ್ದೃಷ್ಟಿಯ ಮೊದಲ ಕೆಲಸ.

ಇನ್ನು ವ್ಯಾಪಾರದ ವಿಚಾರ. ದಕ್ಷಿಣ ಭಾರತದ ಹವೆ ಕುದುರೆಯ ಸಾಕಣೆಗೆ ಅಷ್ಟು ಅನುಕೂಲವಾಗಿರಲಿಲ್ಲ. ಅರೇಬಿಯಾ ಮತ್ತು ಪರ್ಷಿಯಾಗಳಿಂದ ಹಡಗುಗಳಲ್ಲಿ ಬಂದ ಕುದುರೆಗಳು ಭಟ್ಕಳ, ಗೋವೆ ಮೊದಲಾದ ಬಂದರುಗಳಲ್ಲಿ ಇಳಿದು ಘಟ್ಟವನ್ನೇರಿ ರಾಜಧಾನಿಗಳನ್ನು ಸೇರುತ್ತಿದ್ದುವು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯನಾಡನ್ನು ಕುರಿತು ಬರೆದ ಮಾರ್ಕೊ ಪೋಲೊ ನೀಡುವ ವಿವರ ಎದೆ ನಡುಗಿಸುವಂಥದು. ಅಲ್ಲಿಯ ಅರಸನು ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ವರ್ಷದ ಕೊನೆಗೆ 100 ಕೂಡ ಉಳಿಯುತ್ತಿರಲಿಲ್ಲವಂತೆ. ಆರೈಕೆ ತಿಳಿದವರು ಆ ನಾಡಿನಲ್ಲಿರಲಿಲ್ಲ. ಕುದುರೆ ತರುವ ವರ್ತಕರು ಅಶ್ವಚಿಕಿತ್ಸಕರನ್ನು ಜೊತೆಗೆ ಕರೆತರುತ್ತಿರಲಿಲ್ಲ. ಬೇರೆಯವರು ಹೋಗುವುದಕ್ಕೂ ಬಿಡುತ್ತಿರಲಿಲ್ಲ. ಕುದುರೆಗಳು ಸತ್ತಷ್ಟೂ ಮರುವರ್ಷದ ವ್ಯಾಪಾರ ಹೆಚ್ಚುತ್ತದೆಯೆಂಬುದು ಅವರ ಲೆಕ್ಕಾಚಾರ. ವಿಜಯನಗರದ ಚರಿತ್ರೆಯನ್ನು ಬರೆದ ಪೋರ್ಚುಗೀಸ್ ವರ್ತಕ ನುನಿಜ್, ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ ಬಾಲವನ್ನು ತಂದು ತೋರಿಸಿದರೆ ಪೂರ್ಣ ಬೆಲೆ ಕೊಡುತ್ತಿದ್ದನೆಂದು ಹೇಳುತ್ತಾನೆ. ಅರಸನಿಗೆ ಕುದುರೆಗಳ ಅಗತ್ಯ ಅಷ್ಟಿತ್ತು. ಆದರೆ ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆಯಾದಾಗ, ಹಡಗಿನಲ್ಲಿ ಅದಕ್ಕೆ ನೀರುಣಿಸಬೇಕೆಂಬ ಕಾಳಜಿ ವರ್ತಕನಿಗೆ ಎಲ್ಲಿಂದ ಬರಬೇಕು?

ಜ್ಞಾನವಿದ್ದೂ ಅದನ್ನು ಬಚ್ಚಿಟ್ಟ ವರ್ತಕರ ಪಾಪವನ್ನು ಯಾವ ವ್ರತದ ಅಡಿಯಲ್ಲಿ ಎಣಿಸಬೇಕು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇದಕ್ಕೆ ಉತ್ತರ ನೀಡುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಕಳಪೆಯನ್ನು ಉತ್ತಮದಂತೆ ತೋರಿಸಿ ಮಾರುವುದೆಂದು ಅದರ ತಾತ್ಪರ್ಯ. ಮುದಿ ಕುದುರೆಯ ಹಲ್ಲನ್ನು ಅರದಿಂದ ಉಜ್ಜಿ, ಕರಿಯ ಗುರುತು ಕೊರೆದು ಪ್ರಾಯದ್ದೆಂದು ತೋರಿಸುವುದು ಕುದುರೆ ಸಂತೆಗಳ ಹಳೆಯ ಮೋಸ. ಕೌಟಿಲ್ಯನೂ ಇದನ್ನು ಬಲ್ಲವನೇ. ರೋಗದ ಪ್ರಾಣಿಯನ್ನು ಆರೋಗ್ಯದ್ದೆಂದು ಹೇಳಿ ಮಾರಿದವನಿಗೆ ಆತ 12 ಪಣಗಳ ದಂಡ ವಿಧಿಸಿದ್ದಾನೆ. ಕೊಂಡ ಚತುಷ್ಪಾದಿಯನ್ನು ಮೂರು ಪಕ್ಷಗಳೊಳಗೆ ಹಿಂದಿರುಗಿಸಲು ಅವಕಾಶ ಕೊಟ್ಟಿದ್ದಾನೆ. ರಾಜಶಾಸನ ದಂಡದಿಂದ ತಡೆದುದನ್ನು ವ್ರತ ಅಂತಃಕರಣದಿಂದ ತಡೆಯುತ್ತದೆ.

ಆದರೆ ಕುದುರೆಯ ದೃಷ್ಟಿಯಿಂದ ಇದಕ್ಕಿಂತ ಹತ್ತಿರವಾದುದು ಅಹಿಂಸಾಣುವ್ರತ. ಅದರ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಯಾದ ಹೊರೆ ಹೇರುವುದು, ಮೇವು ನೀರು ತಪ್ಪಿಸುವುದು. ಅತಿಭಾರವೆಂದರೇನು ಎಂಬುದನ್ನು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ಪೂಜ್ಯಪಾದರು ನ್ಯಾಯ್ಯವಾದ ಭಾರವನ್ನು ಮೀರಿದ್ದೆಂದು ಹೇಳುತ್ತಾರೆ. ಇಲ್ಲಿಯೇ ಲಕ್ಷಣಶಾಸ್ತ್ರದ ಪ್ರಯೋಜನ ಕಾಣುವುದು. ನ್ಯಾಯದ ಭಾರ ಎಲ್ಲ ಕುದುರೆಗಳಿಗೂ ಒಂದೇ ಅಲ್ಲ. ಬೆನ್ನು ಗಿಡ್ಡವಾಗಿ ಕಾಲು ನೆಟ್ಟಗಿರುವ ಕುದುರೆಗೆ ಹಗುರವಾದ ಹೊರೆ, ಬೆನ್ನು ಉದ್ದವಾಗಿ ಮೊಣಕಾಲು ಹಿಂಬಾಗಿದ ಕುದುರೆಗೆ ಅತಿಭಾರವಾಗಬಹುದು. ತಕ್ಕಡಿ ಹೊರೆಯ ತೂಕವನ್ನಷ್ಟೇ ಹೇಳುತ್ತದೆ. ಅದು ನ್ಯಾಯವೋ ಅನ್ಯಾಯವೋ ಎಂಬುದನ್ನು ಹೊರುವ ಕಾಲುಗಳು ಹೇಳಬೇಕು. ಆ ಕಾಲುಗಳ ಭಾಷೆಯನ್ನು ಅರಿಯದವನು ವ್ರತಭಂಗವಾದದ್ದನ್ನೂ ಅರಿಯಲಾರ. ಅರಿತವನಿಗಾದರೋ ತಿಳಿಯಲಿಲ್ಲವೆಂಬ ನೆಪವಿಲ್ಲ. ದೋಷವನ್ನು ಕಂಡ ಕಣ್ಣು ಮೊದಲು ಹೊರೆಯನ್ನು ಇಳಿಸಬೇಕು, ಆಮೇಲೆ ಕೊಳ್ಳುವವನಿಗೆ ನಿಜವನ್ನು ಹೇಳಬೇಕು. ಬೆಲೆಯ ಮಾತು ಕೊನೆಗೆ.

ಕುದುರೆಯ ಉತ್ತಮ ಲಕ್ಷಣವೇ ಅದಕ್ಕೆ ಬಂಧನವಾಗುವ ಕಥೆಯೊಂದು ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯ ಹದಿನೇಳನೆಯ ಅಧ್ಯಯನದಲ್ಲಿದೆ. ಹಸ್ತಿಶೀರ್ಷ ನಗರದ ವರ್ತಕರು ಸಮುದ್ರಯಾನದಲ್ಲಿ ದಿಕ್ಕು ತಪ್ಪಿ ಕಾಲಿಕದ್ವೀಪವನ್ನು ಸೇರುತ್ತಾರೆ. ಅಲ್ಲಿ ಚಿನ್ನ ಬೆಳ್ಳಿ ರತ್ನಗಳ ಗಣಿಗಳೂ ಜಾತ್ಯಶ್ವಗಳ ಹಿಂಡೂ ಕಣ್ಣಿಗೆ ಬೀಳುತ್ತವೆ. ಮನುಷ್ಯರ ವಾಸನೆ ತಿಳಿದೊಡನೆ ಕುದುರೆಗಳು ದೂರ ಓಡುತ್ತವೆ. ಊರಿಗೆ ಮರಳಿದ ವರ್ತಕರಿಂದ ಸುದ್ದಿ ಕೇಳಿದ ಕನಕಕೇತು ರಾಜನು ಅವುಗಳನ್ನು ಹಿಡಿತರಲು ಆಜ್ಞಾಪಿಸುತ್ತಾನೆ. ಈ ಸಲ ವರ್ತಕರು ವೀಣೆಯೇ ಮೊದಲಾದ ವಾದ್ಯಗಳನ್ನೂ, ಬಣ್ಣಬಣ್ಣದ ವಸ್ತುಗಳನ್ನೂ, ಸುಗಂಧವನ್ನೂ, ಸಿಹಿ ಪದಾರ್ಥಗಳನ್ನೂ, ಮೆತ್ತನೆಯ ಹಾಸುಗಳನ್ನೂ ಒಯ್ದು ದ್ವೀಪದಲ್ಲಿ ಹರಡುತ್ತಾರೆ. ಅವುಗಳಿಗೆ ಮರುಳಾದ ಕುದುರೆಗಳು ಸಿಕ್ಕಿಬಿದ್ದು ಕಡಿವಾಣಕ್ಕೂ ಚಾವಟಿಗೂ ಗುರಿಯಾಗುತ್ತವೆ. ಮರುಳಾಗದವು ಹುಲ್ಲು ನೀರುಗಳಲ್ಲಿ ಸಂತೃಪ್ತವಾಗಿ ಸ್ವತಂತ್ರವಾಗಿಯೇ ಉಳಿಯುತ್ತವೆ. ಇಂದ್ರಿಯವಿಷಯಗಳಲ್ಲಿ ಆಸಕ್ತನಾದ ಶ್ರಮಣನ ಗತಿಯೂ ಹೀಗೆಯೇ ಎಂಬುದು ಆಗಮದ ಉಪದೇಶ. ಗೃಹಸ್ಥನು ಅದೇ ಕಥೆಯನ್ನು ವರ್ತಕರ ಕಡೆಯಿಂದಲೂ ಓದಬಹುದು. ಯಾವ ಪ್ರಾಣಿಗೆ ಯಾವುದು ಪ್ರಿಯವೆಂಬ ತಿಳಿವಳಿಕೆ ಅವರಲ್ಲಿ ಪೂರ್ಣವಾಗಿತ್ತು. ಆದರೆ ಅದು ದಯೆಗೆ ಒದಗದೆ ಬಲೆಗೆ ಒದಗಿತು. ಉಪಾಸಕದಶಾಂಗವು ಶ್ರಾವಕನಿಗೆ ತ್ಯಾಜ್ಯವಾದ ಹದಿನೈದು ಕರ್ಮಾದಾನಗಳಲ್ಲಿ ಕೇಶವಾಣಿಜ್ಯವನ್ನು, ಎಂದರೆ ಕೂದಲುಳ್ಳ ಜೀವಿಗಳ ವ್ಯಾಪಾರವನ್ನು, ಎಣಿಸಿರುವುದು ಸುಮ್ಮನೆ ಅಲ್ಲ.

ಈ ವಿಚಾರ ಕೇವಲ ಪ್ರಾಚೀನ ಚರಿತ್ರೆಯಾಗಿ ಉಳಿಯಬೇಕಿಲ್ಲ. ಪಂಚಕಲ್ಯಾಣ ಮಹೋತ್ಸವಗಳ ಮೆರವಣಿಗೆಗೆ, ಮದುವೆಯ ದಿಬ್ಬಣಕ್ಕೆ ಬಾಡಿಗೆಯ ಕುದುರೆಗಳನ್ನು ತರಿಸುವ ರೂಢಿ ಹಲವೆಡೆ ಇದೆ. ಬಾಡಿಗೆ ಗೊತ್ತುಮಾಡುವಾಗ ಜೂಲು, ಜರಿ, ಬಣ್ಣಗಳನ್ನು ನೋಡುವಷ್ಟು ಗಮನದಿಂದ ಕಾಲುಗಳನ್ನು ನೋಡುವವರು ವಿರಳ. ಬಸದಿಯ ಆಡಳಿತ ಮಂಡಳಿಯವರು ಕುದುರೆಯನ್ನು ಗಟ್ಟಿ ನೆಲದ ಮೇಲೆ ಹತ್ತಾರು ಹೆಜ್ಜೆ ನಡೆಸಿ, ತುಸು ಓಡಿಸಿ ನೋಡಬಹುದು. ಒಂದು ಮುಂಗಾಲು ನೆಲಕ್ಕೆ ತಗುಲಿದಾಗ ತಲೆ ಮೇಲಕ್ಕೆದ್ದು, ಇನ್ನೊಂದು ಊರಿದಾಗ ತಲೆ ತಗ್ಗಿದರೆ, ತಲೆ ಎತ್ತಿಸಿದ ಕಾಲಿನಲ್ಲಿ ನೋವಿದೆಯೆಂದು ತಿಳಿಯಬೇಕು. ಜೀನಿನ ಕೆಳಗೆ ಹುಣ್ಣಿದೆಯೇ, ಲಾಳ ಸಡಿಲವಾಗಿದೆಯೇ, ಕಾಲನ್ನು ಸವರಿದಾಗ ಒಂದೆಡೆ ಬಿಸಿಯಾಗಿದೆಯೇ ಎಂದು ಪರೀಕ್ಷಿಸಲು ಐದು ನಿಮಿಷ ಸಾಕು. ವಯಸ್ಸು, ರೋಗ, ಹುಣ್ಣುಗಳಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಕುಂಟುವ ಕುದುರೆಯನ್ನು ಬೇಡವೆಂದು ಹಿಂದಕ್ಕೆ ಕಳಿಸಿದರೂ ಹೊಣೆ ಮುಗಿಯುವುದಿಲ್ಲ. ಅದು ಅದೇ ದಿನ ಇನ್ನೊಬ್ಬರ ದಿಬ್ಬಣಕ್ಕೆ ಹೋಗಬಹುದು. ಮಾಲೀಕನೂ ಬಹುಮಟ್ಟಿಗೆ ಬಡವ; ಒಂದು ದಿನದ ಬಾಡಿಗೆ ತಪ್ಪಿದರೆ ಅವನ ಮನೆಗೂ ಲಾಯಕ್ಕೂ ತೊಂದರೆ. ಯುದ್ಧ, ರೋಗ, ಮುಪ್ಪುಗಳಿಂದ ಕ್ಷೀಣಿಸಿದ ಕುದುರೆಗಳಿಗೂ ರಾಜನ ಲಾಯದಲ್ಲಿ ಆಹಾರ ಸಲ್ಲಬೇಕೆಂದು ಕೌಟಿಲ್ಯನೇ ವಿಧಿಸಿದ್ದಾನೆ. ಖಜಾನೆಯ ಪ್ರತಿ ಪಣಕ್ಕೂ ಲೆಕ್ಕವಿಟ್ಟ ಅರ್ಥಶಾಸ್ತ್ರಜ್ಞನಿಗೆ ಈ ಖರ್ಚು ದುಂದೆನಿಸಲಿಲ್ಲ. ಮಹೋತ್ಸವದ ಆಯವ್ಯಯದಲ್ಲಿ ಕುಂಟು ಕುದುರೆಯ ಚಿಕಿತ್ಸೆಗೂ ಅದರ ವಿಶ್ರಾಂತಿಯ ದಿನಗಳ ಹುರುಳಿ ಹುಲ್ಲಿಗೂ ಒಂದು ಬಾಬು ತೆಗೆದಿಟ್ಟರೆ ಸಂಭವನಾಥರ ಪೀಠದ ಮುಂದೆ ಕೈಮುಗಿದದ್ದು ಸಾರ್ಥಕವಾದೀತು.