ಹೆಬ್ಬಾಳದ ಬೀಜ, ಕೆಂಗೇರಿಯ ಹೊಲ

ಕೆಂಗೇರಿ ಉಪನಗರದ ಬೀದಿಗಳಲ್ಲಿ ಇಂದು ಅಡ್ಡಾಡುವವರಿಗೆ ಆ ಸೀಮೆಯು ಒಂದು ಕಾಲದಲ್ಲಿ ರಾಗಿಯ ಹೊಲಗಳಿಂದ ಕೂಡಿದ್ದಿತೆಂದರೆ ನಂಬುಗೆ ಬರಲಾರದು. 2021ರಿಂದ ಮೆಟ್ರೋ ರೈಲು ಕೂಡ ಅಲ್ಲಿಗೆ ಬರುತ್ತಿದೆ. ಆದರೆ ಸುತ್ತಣ ಹಳ್ಳಿಗಳ ಒಕ್ಕಲುಗಳು ತಲೆತಲಾಂತರದಿಂದ ಮಳೆಯನ್ನೇ ನಂಬಿ ಬಾಳಿದವರು. ಇಂತಹ ಸಣ್ಣ ಹಿಡುವಳಿಯ ರೈತರು ವ್ಯವಸಾಯದ ಹೊಸ ಕ್ರಮಗಳಲ್ಲಿ ಕೆಲವನ್ನು ಬೇಗನೆ ಕೈಗೊಂಡು, ಮತ್ತೆ ಕೆಲವನ್ನು ಕೈಬಿಟ್ಟುದೇಕೆಂಬುದನ್ನು ವಿಚಾರಿಸೋಣ.

ನಮ್ಮ ಸಂಸ್ಥಾನದಲ್ಲಿ ಶಾಸ್ತ್ರೀಯ ವ್ಯವಸಾಯದ ಕಥೆಯು ಮೊದಲಾಗುವುದು ಹೆಬ್ಬಾಳದಲ್ಲಿ. 1899ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಅಲ್ಲಿ ಪ್ರಯೋಗಕ್ಷೇತ್ರಕ್ಕಾಗಿ 30 ಎಕರೆ ಭೂಮಿಯನ್ನು ದಯಪಾಲಿಸಿದರು. ರಸಾಯನಶಾಸ್ತ್ರಜ್ಞರಾದ ಲೆಹ್ಮನ್ ಅವರು ಅಲ್ಲಿ ಕೆಲಸವನ್ನಾರಂಭಿಸಿದರು. 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರು ಮುಂದೆ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾದರು. 1913ರಲ್ಲಿ ವ್ಯವಸಾಯ ಶಾಲೆಯೂ ತೆರೆಯಿತು. ರಾಗಿಯ ತಳಿಗಳನ್ನು ಆರಿಸಿ ಸುಧಾರಿಸುವ ಕಾರ್ಯವು ನಡೆದು, 1918ರಲ್ಲಿ ಎಚ್-22 ಎಂಬ ತಳಿಯು ಹೊರಬಂದಿತು.

ಹೆಬ್ಬಾಳವು ಕೆಂಗೇರಿಗೆ ದೂರವೇನೂ ಅಲ್ಲ. ಆದರೂ ಬೀಜವು ಕ್ಷೇತ್ರದಿಂದ ಹೊಲಕ್ಕೆ ಬರಬೇಕಾದರೆ ಬೇರೊಂದು ದಾರಿಯನ್ನು ದಾಟಬೇಕು. ರೈತನ ಹೊಲದಲ್ಲಿ ರಾಗಿಯೊಂದೇ ಬೆಳೆಯಲ್ಲ; ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರುವುವು. ಮಳೆ ತಪ್ಪಿ ಒಂದು ಕೆಟ್ಟರೆ ಮತ್ತೊಂದು ಉಳಿಯಲೆಂಬುದೇ ಆ ಏರ್ಪಾಡು. ಕಾಳು ಹೆಚ್ಚಾಗುವುದೆಂದು ಹೇಳಿದೊಡನೆ ಅವನು, ‘ಹುಲ್ಲು ಎಷ್ಟು?’ ಎಂದು ಕೇಳುವನು. ರಾಗಿಯ ಹುಲ್ಲಿನ ಮೆದೆಯೇ ಎತ್ತುಗಳಿಗೆ ಬೇಸಿಗೆಯ ಆಹಾರ. ಎತ್ತಿಲ್ಲದೆ ಮುಂದಿನ ಉಳುಮೆಯಿಲ್ಲ. ಬಿತ್ತನೆಗೆಂದು ತೆನೆಗಳನ್ನು ಆರಿಸಿಡುವ ಮನೆಯ ಹೆಂಗಸಿನ ಒಪ್ಪಿಗೆಯೂ ಬೇಕು. ಇದನ್ನು ನಾವು, ಇಂಗ್ಲಿಷು ಓದಿದವರು, ಬಹುಕಾಲ ಮೌಢ್ಯವೆಂದು ಕರೆದೆವು. ಇದು ಲೆಕ್ಕಾಚಾರವೆಂದು ನಮಗೆ ತಡವಾಗಿ ತಿಳಿಯಿತು.

ಮಲೆನಾಡಿನ ಒಂದು ನಿದರ್ಶನವನ್ನು ನೋಡೋಣ. ಮಳೆಗಾಲದಲ್ಲಿ ಅಡಕೆಯ ಗೊನೆಗಳನ್ನು ಕೊಳೆರೋಗವು ಹಾಳುಮಾಡುತ್ತಿದ್ದಿತು. ತೋಟಗಾರರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಮೈಲುತುತ್ತ, ಸುಣ್ಣಗಳನ್ನು ಕೂಡಿಸಿದ ಬೋರ್ಡೋ ಮಿಶ್ರಣವನ್ನು ಸಿಂಪಡಿಸುವ ಕ್ರಮವನ್ನು ಕೋಲ್ಮನ್ ಅವರು ತೋರಿಸಿಕೊಟ್ಟರು. ಸಿಂಪಡಿಸಿದ ತೋಟವೂ ಸಿಂಪಡಿಸದ ತೋಟವೂ ಅಕ್ಕಪಕ್ಕದಲ್ಲಿರುವಾಗ ಉಪನ್ಯಾಸಕ್ಕೆ ಅವಕಾಶವೆಲ್ಲಿ? ಒಂದೇ ಮಳೆಗಾಲದಲ್ಲಿ ಫಲವು ಕಣ್ಣಿಗೆ ಕಾಣುವುದು. ತೋಟಗಾರನು ಈ ವೆಚ್ಚವನ್ನು ಉಳಿದ ಫಸಲಿನೊಡನೆ ತೂಗಿನೋಡಬಲ್ಲನು.

ರಾಗಿಯಲ್ಲಿಯೂ ಇದೇ ನ್ಯಾಯ. ಲಕ್ಷ್ಮಣಯ್ಯನವರು ಮಂಡ್ಯದ ವಿಶ್ವೇಶ್ವರಯ್ಯ ಕ್ಷೇತ್ರದಲ್ಲಿ ನಮ್ಮ ದೇಶದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. 1970ರ ದಶಕದಿಂದ ಅವು ಹೊಲಗಳಿಗೆ ಹರಡಿದುವು. 1990ರ ದಶಕದಲ್ಲಿ ಬೆಂಕಿರೋಗವನ್ನು ತಡೆಯುವ ಜಿಪಿಯು-28 ಬಂದಿತು. ರಾಗಿಯ ಹೂವು ತನ್ನೊಳಗೇ ಪರಾಗವನ್ನು ಪಡೆಯುವುದರಿಂದ, ಬೆಳೆದ ಕಾಳನ್ನೇ ಮರುವರ್ಷ ಬಿತ್ತಬಹುದು. ನೆಂಟನಿಗೂ ಒಂದು ಸೇರು ಕೊಡಬಹುದು. ಆದುದರಿಂದ ಬೀಜವು ಕಣದಿಂದ ಕಣಕ್ಕೆ ತಾನಾಗಿ ನಡೆಯಿತು. ವರ್ಷವರ್ಷವೂ ಹಣ ಕೊಟ್ಟು ತರಬೇಕಾದ ರಸಗೊಬ್ಬರಕ್ಕೆ ಈ ಅನುಕೂಲವಿಲ್ಲ. ಮಳೆ ಕೈಕೊಟ್ಟರೆ ಉಳಿಯುವುದು ಸಾಲವೊಂದೇ.

ಆದಕಾರಣ ಹೊಸ ಕ್ರಮವನ್ನು ಹೇಳಹೊರಟವರು ಮೊದಲು ಮೂರು ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧಪಡಿಸಿಕೊಳ್ಳಬೇಕು. ನೆರೆಯವನ ಹೊಲದಲ್ಲಿ ಇದು ಕಂಡಿದೆಯೆ? ಕೆಟ್ಟರೆ ನಷ್ಟವನ್ನು ಹೊರುವವರಾರು? ಬೆಳೆದರೆ ಬೆಲೆಯುಂಟೆ?

ಕೆಂಗೇರಿಯು ನಾಲ್ಕನೆಯದೊಂದನ್ನೂ ಕಲಿಸುತ್ತದೆ. ನಗರವು ಬೆಳೆಯುತ್ತ ಬಂದಂತೆ ಹೊಲಗಳು ನಿವೇಶನಗಳಾದುವು. ನಾಳೆ ಈ ಭೂಮಿಯು ತನ್ನದಾಗಿ ಉಳಿಯುವುದೋ ಇಲ್ಲವೋ ಎಂಬ ಸಂಶಯವುಳ್ಳವನು ಮೂರು ವರ್ಷಕ್ಕೆ ಫಲ ಕೊಡುವ ಕೆರೆಗೋಡನ್ನು ಹೊಲಕ್ಕೆ ಹೊಡೆಸುವನೆ? ಬದುವನ್ನು ಹಾಕಿಸುವನೆ? ಒಳ್ಳೆಯ ಬೀಜವು ಒಳ್ಳೆಯ ನೆಲವನ್ನು ಬೇಡುವಂತೆಯೇ, ನೆಲವು ಉಳಿಯುವುದೆಂಬ ಭರವಸೆಯನ್ನೂ ಬೇಡುತ್ತದೆ. ಅದನ್ನು ಕೊಡುವುದು ಪ್ರಯೋಗಕ್ಷೇತ್ರದ ಕೈಯಲ್ಲಿಲ್ಲ. ಊರನ್ನು ಆಳುವವರ ಮತ್ತು ನಗರದಲ್ಲಿ ಮನೆ ಕಟ್ಟುವ ನಮ್ಮೆಲ್ಲರ ಕೈಯಲ್ಲಿದೆ.